ನಿಮ್ಮ ಹೊಳೆ ಯಾವುದು ಅಂತ ಕೇಳಿದ

"ನಿಮ್ಮ ಹೊಳೆ ಯಾವುದು?" ಅಂತ ಕೇಳಿದ ನಮ್ಮ ಬೋಟಿನ ಗೈಡು, ಅಷ್ಟೇ. ಬೈಲಿಲ್ಲ, ಆಡ್ಕೊಳ್ಳಲಿಲ್ಲ, ಊಟ ಆಯ್ತಾ ಅಂತ ಕೇಳೋ ಥರಾನೇ ಕೇಳಿದ. ನಾನು ಉತ್ತರ ಹೇಳೋಕೆ ತೊದಲಿದ್ದು ಮಾತ್ರ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಂಗೆ ಇನ್ನೂ ಅಲ್ಲೇ ಕೂತಿದೆ. ಅದಕ್ಕೇ ಇಷ್ಟುದ್ದ ಬರೀತಾ ಇದೀನಿ, ಬೇಜಾರಾದ್ರೆ ಬಿಟ್ಬಿಡಿ.

ನಾವಿರೋದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ, ಕಂಪ್ನಿ ಕಳಿಸಿ ಮೂರು ವರ್ಷ ಆಯ್ತು. ಊರು ಕೋಲಾರ ಜಿಲ್ಲೆ, ಬೇತಮಂಗಲದಿಂದ ಒಂದೈದು ಕಿಲೋಮೀಟರ್. ಜೂನ್‌ನಲ್ಲಿ ಕಾರ್ಪಸ್ ಕ್ರಿಸ್ತಿ ಹಬ್ಬ ಅಂತ ಗುರುವಾರ ರಜೆ ಬಂತು, ಶುಕ್ರವಾರ ಹೆಂಗೂ ಆಫೀಸಲ್ಲಿ ನೊಣ ಹೊಡೀತಾ ಕೂರಬೇಕು, ಅದನ್ನೂ ಸೇರಿಸಿ ನಾಲ್ಕು ದಿನ ಮಾಡ್ಕೊಂಡು ಅಮೆಜಾನ್ ಕಾಡಿನ ಮಧ್ಯ ಇರೋ ಮನೌಸ್ ಊರಿಗೆ ಟಿಕೆಟ್ ಮಾಡಿಸ್ದೆ. ಒಂದೇ ದೇಶದೊಳಗೆ ವಿಮಾನದಲ್ಲಿ ನಾಲ್ಕು ಗಂಟೆ. ಅಲ್ಲಿಂದ ರಿಯೋ ನೆಗ್ರೊ ನದಿ ಮೇಲೆ ಮೂರು ರಾತ್ರಿ ಬೋಟಲ್ಲೇ ವಾಸ, ಹಗಲೊತ್ತು ಕಾಡೊಳಗೆ ಸುತ್ತಾಟ. ಕ್ರೂಸ್ ಅಂದಿದ್ದಕ್ಕೆ ನಮ್ಮಮ್ಮ ಟೀವಿಲಿ ಬರೋ ಹತ್ತು ಅಂತಸ್ತಿನ ಹಡಗು ಅನ್ಕೊಂಡು ಬೀದಿಯವರಿಗೆಲ್ಲ ಹೇಳ್ಬಿಟ್ಟಿದ್ರು. ಇದು ಮರದ ಬೋಟು, ಎರಡು ಅಂತಸ್ತು, ಎಂಟು ರೂಮು, ರೂಮಲ್ಲಿ ಕಾಲು ಚಾಚಿದ್ರೆ ಗೋಡೆಗೆ ತಾಗುತ್ತೆ. ಮೇಲ್ಗಡೆ ಉದ್ದಕ್ಕೂ ಜೋಲಿ ಕಟ್ಟಿರ್ತಾರೆ, ಊಟ ಮಾಡಿ ಅದರಲ್ಲಿ ಬಿದ್ಕೊಂಡ್ರೆ ಮುಗೀತು. ನಾವು ಮಗೂಗೆ ಸೀರೆ ಕಟ್ಟಿ ಮಾಡ್ತೀವಲ್ಲ ಅದೇ, ಇಲ್ಲಿ ಅರವತ್ತು ವರ್ಷದ ಮುದುಕರೂ ಅದರಲ್ಲೇ ಮಲಗೋದು. ಜನ ಓಡಾಡೋ ಸರ್ವಿಸ್ ಬೋಟುಗಳಲ್ಲಂತೂ ನೂರಾರು ಜೋಲಿ ಒತ್ತೊತ್ತಾಗಿ ಬಾವಲಿ ನೇತಾಕ್ಕೊಂಡಂಗೆ, ಮನೌಸ್‌ನಿಂದ ಬೆಲೆಂ ಅನ್ನೋ ಊರಿಗೆ ಹಂಗೇ ನಾಲ್ಕು ದಿನ ಹೋಗ್ತಾರಂತೆ. ನಮ್ಮ ಮುಳಬಾಗಿಲು ಬಸ್ಸಲ್ಲಿ ಒಂದು ಗಂಟೆ ನಿಂತಿದ್ದಕ್ಕೆ ನಾನು ಎಷ್ಟು ಸಲ ಗೊಣಗಿದೀನಿ ಅಂತ ನೆನಪಾಯ್ತು.

ರಿಯೋ ನೆಗ್ರೊ ಅಂದ್ರೆ ಕಪ್ಪು ಹೊಳೆ. ಇವರು ಪದದ ಮೊದಲಿಗೆ ಬರೋ ರ ಅಕ್ಷರನ ಹ ಅನ್ನೋ ಥರ ಹೇಳ್ತಾರೆ, 'ಹಿಯು' ಅಂದ್ರೆ ನದಿ, ಮೊದಮೊದಲು ಯಾರೋ ಬಿಕ್ಕಳಿಸಿದ್ರು ಅನ್ಕೊಂಡಿದ್ದೆ. ನೀರು ನಿಜವಾಗ್ಲೂ ಕಪ್ಪೇ. ಮೊಗೆದು ಗ್ಲಾಸಿಗೆ ಹಾಕಿದ್ರೆ ಎರಡನೇ ಸಲ ಇಳಿಸಿದ ಡಿಕಾಕ್ಷನ್ ಬಣ್ಣ. ಕಾಡಿನ ಎಲೆ, ಬೇರು, ಕೊಳೆತ ಸೊಪ್ಪು ಎಲ್ಲದರ ಒಗರು ಇಳಿದು ಹಂಗಾಗೋದು, ನೀರು ಹುಳಿ ಇರೋದ್ರಿಂದ ಸೊಳ್ಳೆ ಜಾಸ್ತಿ ಮರಿ ಮಾಡಲ್ಲ. ಅಮೆಜಾನ್ ಕಾಡಲ್ಲಿ ಸೊಳ್ಳೆಪರದೆ ಇಲ್ಲದೆ ಮಲಗಿದೆ ಅಂದ್ರೆ ಕೋಲಾರದಲ್ಲಿ ಯಾರೂ ನಂಬಲ್ಲ. ಮನೌಸ್ ಊರಿಂದ ಸ್ವಲ್ಪ ಕೆಳಗೆ ಈ ಕಪ್ಪು ನೀರು ಬಂದು ಸೊಲಿಮೋಯಿಸ್ ಅನ್ನೋ ಕೆಂದು ಬಣ್ಣದ ನದಿಗೆ ಸೇರುತ್ತೆ. ಸೇರುತ್ತೆ ಅನ್ನೋದು ಹೆಸರಿಗೆ, ಒಂದು ತಣ್ಣಗೆ ಜೋರಾಗಿ ಬರುತ್ತೆ, ಇನ್ನೊಂದು ಬೆಚ್ಚಗೆ ನಿಧಾನ, ಹಾಗಾಗಿ ಆರು ಕಿಲೋಮೀಟರ್ ಒಂದರ ಪಕ್ಕ ಒಂದು ಮುಟ್ಟಿಸ್ಕೊಳ್ಳದೆ ಹರಿಯುತ್ತೆ. ಒಂದೇ ಲೋಟಕ್ಕೆ ಡಿಕಾಕ್ಷನ್ನೂ ಹಾಲೂ ಹುಯ್ದು, ಇಬ್ಬರೂ ನೀನು ಮೊದಲು ನೀನು ಮೊದಲು ಅಂತ ಕೂತಂಗೆ. ಬೋಟಿನ ಈ ಕಡೆ ಕಪ್ಪು, ಆ ಕಡೆ ಕೆಂದು, ಮಧ್ಯ ಗೆರೆ ಎಳೆದಂಗೆ.

ಅಲ್ಲಿಗೆ ಹೋಗಿದ್ದು ಮೊದಲ ದಿನಾನೇ. ನನ್ನ ಹೆಂಡತಿ ಪರ್ಸಿಂದ ಅರಿಶಿನ ಕುಂಕುಮದ ಪೊಟ್ಟಣ ತೆಗೆದ್ಲು. ಎರಡು ನದಿ ಕೂಡೋ ಜಾಗ, ಬಿಡ್ತಾಳಾ. ಗಂಗಮ್ಮ ತಾಯಿ ಅಂತ ಎರಡು ಚಿಟಿಕೆ ನೀರಿಗೆ ಹಾಕಿ ಕೈಮುಗಿದ್ಲು. ನಮ್ಮ ಗೈಡು, ನದಿ ದಡದಲ್ಲೇ ಹುಟ್ಟಿ ಬೆಳೆದ ಹುಡುಗ, ಇಪ್ಪತ್ತೈದು ಇರಬಹುದು, ಕುತೂಹಲದಿಂದ ನೋಡ್ತಾ ಇದ್ದ. ಏನಿದು ಅಂದ. ನೀರಿಗೆ ನಮಸ್ಕಾರ ಅಂದೆ. ಅವನಿಗೆ ಖುಷಿಯಾಯ್ತು, ಆವಾಗ ಕೇಳಿದ್ದು, ಹಂಗಾದ್ರೆ ನಿಮ್ಮ ಹೊಳೆ ಯಾವುದು, ಅಂತ.

ಅವರ ಪ್ರಕಾರ ಮನುಷ್ಯ ಅಂದಮೇಲೆ ಒಂದು ಹೊಳೆ ಇರಲೇಬೇಕು. ನಮ್ಮ ಕಡೆ ಮನೆದೇವ್ರು ಯಾವುದು ಅಂತ ಕೇಳಲ್ವಾ, ಹಂಗೆ.

ಕಾವೇರಿ ಅಂದ್ಬಿಡೋಣ ಅನ್ನಿಸ್ತು, ನಿಜ ಹೇಳ್ತೀನಿ. ಯಾರಿಗೆ ಗೊತ್ತಾಗುತ್ತೆ. ಆದ್ರೆ ಕಾವೇರಿ ನಾನು ನೋಡಿದ್ದು ಸ್ಕೂಲ್ ಟ್ರಿಪ್ಪಲ್ಲಿ, ಶ್ರೀರಂಗಪಟ್ಟಣದಲ್ಲಿ ಬಸ್ ಕಿಟಕಿಯಿಂದ. ಸ್ವಲ್ಪ ಹೊತ್ತು ಬಿಟ್ಟು "ಪಾಲಾರ್" ಅಂದೆ. ಅಷ್ಟಂದಿದ್ದೇ ತಡ, ಪಕ್ಕದ ಜೋಲಿಯಿಂದ ನಮ್ಮ ಆಫೀಸಿನ ವೆಲ್ಲೂರು ಫ್ರೆಂಡು ಎದ್ದು ಕೂತ. ಅವನೂ ಫ್ಯಾಮಿಲಿ ಜೊತೆ ಬಂದಿದ್ದ. "ಪಾಲಾರ್ ನಮ್ದಲ್ವಾ?" ಅಂದ. ಹುಟ್ಟೋದು ನಮ್ಮಲ್ಲಪ್ಪ ಅಂದೆ. ಹುಟ್ಟಿ ಏನು ಬಂತು, ಮೇಲೆ ಕೆರೆ ಮೇಲೆ ಕೆರೆ ಕಟ್ಕೊಂಡು ಒಂದು ತೊಟ್ಟು ಬಿಡಲ್ಲ ಅಂದ. ನೀವು ಮರಳು ಬಗೆದು ಬಗೆದು ನದೀನೇ ಲಾರೀಲಿ ಸಾಗಿಸಿದ್ರಲ್ಲ ಅಂದೆ. ಅವನು ಮೈಸೂರು ಮದ್ರಾಸು 1892ರ ನದಿ ನೀರಿನ ಒಪ್ಪಂದ ಎತ್ತಿದ, ನಾನು ತೊಂಬತ್ತು ಚಿಲ್ಲರೆ ಕಿಲೋಮೀಟರ್ ನಮ್ಮಲ್ಲಿ ಹರಿಯುತ್ತೆ ಅಂತ ಎತ್ತಿದೆ, ಹೆಂಡ್ತೀರು ಇಬ್ರೂ ತಲೆ ಚಚ್ಕೊಂಡ್ರು, ಕೊನೆಗೆ ಮಧ್ಯದಲ್ಲಿ ಮೂವತ್ತು ಕಿಲೋಮೀಟರ್ ಇಟ್ಕೊಂಡಿರೋ ಆಂಧ್ರದವರು ಚೆಕ್ ಡ್ಯಾಂ ಕಟ್ಟಿದ್ದೇ ಎಲ್ಲಕ್ಕೂ ಕಾರಣ ಅಂತ ಅವರ ತಲೆ ಮೇಲೆ ಹಾಕಿ ರಾಜಿಯಾದ್ವಿ.

ಗೈಡಿಗೆ ಇದೆಲ್ಲ ಅರ್ಥ ಆಗ್ಲಿಲ್ಲ, ಆದ್ರೆ ಇಷ್ಟು ಜಗಳ ಆಡ್ತಾರೆ ಅಂದ್ರೆ ಭಾರೀ ದೊಡ್ಡ ನದಿ ಇರಬೇಕು ಅನ್ಕೊಂಡ. ತೋರ್ಸಿ ತೋರ್ಸಿ ಅಂದ. ಫೋನಲ್ಲಿ ಹುಡುಕಿದೆ. ಹೋದ ಸಲ ಊರಿಗೆ ಹೋದಾಗ ತೆಗೆದಿದ್ದ ಒಂದು ಫೋಟೋ ಸಿಕ್ತು, ಪಾಲಾರ್ ಪಾತ್ರದಲ್ಲಿ ನಮ್ಮ ಅಕ್ಕನ ಮಗ ಬೌಲಿಂಗ್ ಮಾಡ್ತಾ ಇರೋದು. ಹಿಂದೆ ಜಾಲಿ ಗಿಡ, ಒಂದು ಟ್ರಾಕ್ಟರ್ ಚಕ್ರದ ಗುರುತು. ಹುಡುಗ ದೊಡ್ಡದು ಮಾಡಿ ನೋಡಿದ, ಚಿಕ್ಕದು ಮಾಡಿ ನೋಡಿದ.

"ಇದು ರಸ್ತೆನಾ?" ಅಂದ.

ವೆಲ್ಲೂರಿನವನೂ ನಾನೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಇಬ್ರೂ ಬಾಯಿ ಬಿಡ್ಲಿಲ್ಲ.

ಆವತ್ತಿಂದ ಮೂರು ದಿನ ನಾನು ಕಾಡು ನೋಡಿದ್ದಕ್ಕಿಂತ ಆ ಹುಡುಗನ್ನ ನೋಡಿದ್ದೇ ಜಾಸ್ತಿ. ಅವನಿಗೆ ನೀರಿನ ಲೆಕ್ಕ ಬಾಯಿಪಾಠ. ಮನೌಸ್ ಪೋರ್ಟಲ್ಲಿ ಒಂದು ಗೋಡೆ ಇದೆ, ಬೋಟ್ ಹತ್ತೋ ಮುಂಚೆ ನೋಡಿದ್ವಿ, ನೀರು ಯಾವ ವರ್ಷ ಎಲ್ಲೀವರೆಗೆ ಬಂತು ಅಂತ ಅದರ ಮೇಲೆ ಗುರುತು ಹಾಕಿದ್ದಾರೆ. 1902ರಿಂದ ಅಳೀತಾನೇ ಇದ್ದಾರೆ. 1953 ಇಲ್ಲಿ, 2009 ಇಲ್ಲಿ, 2012 ಇಲ್ಲಿ, ಎಲ್ಲಕ್ಕಿಂತ ಮೇಲೆ 2021, ಆ ವರ್ಷ ಜೂನ್‌ನಲ್ಲಿ 30 ಮೀಟರ್ ದಾಟಿತ್ತು. ಆ ಜೂನ್‌ನಲ್ಲಿ ಪೇಟೆ ಬೀದಿಲೇ ಹಲಗೆ ಸೇತುವೆ ಹಾಕ್ಕೊಂಡು ಜನ ಅಂಗಡಿಗೆ ಹೋದ್ರಂತೆ. ಪ್ರತಿ ವರ್ಷ ಜೂನ್ ಹೊತ್ತಿಗೆ ಏರೋದು, ಅಕ್ಟೋಬರ್ ನವೆಂಬರ್ ಹೊತ್ತಿಗೆ ಇಳಿಯೋದು, ಮೇಲಕ್ಕೂ ಕೆಳಕ್ಕೂ ವ್ಯತ್ಯಾಸ ಹತ್ತು ಹನ್ನೆರಡು ಮೀಟರ್. ಅಂದ್ರೆ ಮೂರು ನಾಲ್ಕು ಅಂತಸ್ತಿನ ಮನೆ ಎತ್ತರ ನೀರು ಪ್ರತಿ ವರ್ಷ ಬಂದು ಹೋಗುತ್ತೆ. ಅದಕ್ಕೆ ಬ್ರಿಟಿಷ್ ಕಂಪ್ನಿಯವರು ನೂರು ವರ್ಷದ ಹಿಂದೆನೇ ಪೋರ್ಟಲ್ಲಿ ತೇಲೋ ಕಟ್ಟೆ ಮಾಡಿಟ್ಟಿದ್ರು, ನೀರಿನ ಜೊತೆ ಅದೂ ಏರುತ್ತೆ, ಇಳಿಯುತ್ತೆ.

ಎರಡನೇ ದಿನ ಬೆಳಗ್ಗೆ ಆನವಿಲ್ಯಾನಸ್ ಅಂತ, ನದಿ ಮಧ್ಯದಲ್ಲೇ ನಾನೂರು ದ್ವೀಪಗಳಂತೆ, ಅಲ್ಲಿ ಚಿಕ್ಕ ದೋಣಿಗೆ ಇಳಿಸಿದ್ರು. ಮೋಟಾರ್ ಆಫ್ ಮಾಡಿ ಹುಟ್ಟು ಹಾಕ್ತಾ ಕಾಡೊಳಕ್ಕೆ ನುಗ್ಗಿದ. ಕಾಡೊಳಕ್ಕೆ ಅಂದ್ರೆ ಮರಗಳ ಮಧ್ಯೆ ಅನ್ಕೋಬೇಡಿ. ಕಾಂಡ ಎಲ್ಲಾ ನೀರೊಳಗೆ, ನಾವಿದ್ದಿದ್ದು ಮರದ ತಲೆ ಹತ್ರ, ಹಕ್ಕಿಗೂಡು ಕೈಗೆ ಸಿಗೋ ಎತ್ತರದಲ್ಲಿ. ನನ್ನ ಮಗಳು ಕೊಂಬೆ ಹಿಡ್ಕೊಂಡು ದೋಣಿ ನಿಲ್ಲಿಸೋಕೆ ನೋಡಿದ್ಲು, ಮೇಲಿಂದ ಇರುವೆ ಉದುರಿದ್ವು, ಕಿರುಚಿದ್ಲು. ಈ ಮುಳುಗಿದ ಕಾಡಿಗೆ ಇಗಪೊ ಅಂತಾರೆ. ಮರಗಳು ತಿಂಗಳುಗಟ್ಟಲೆ ನೀರಲ್ಲಿ ನಿಂತಿದ್ರೂ ಸಾಯಲ್ಲ, ಎಷ್ಟೋ ಮರ ಈ ಹೊತ್ತಿಗೇ ಹಣ್ಣು ಬಿಡೋದು, ಉದುರಿದ್ದನ್ನ ತಿನ್ನೋಕೆ ಮೀನು ಬರ್ತವೆ. ತಂಬಾಕಿ ಅಂತ ಒಂದು ಮೀನು, ರಬ್ಬರ್ ಬೀಜನ ಹಲ್ಲಲ್ಲಿ ಕಟಕಟ ಒಡೆದು ತಿನ್ನುತ್ತೆ. ಸುಮ್ನಿದ್ರೆ ಕೇಳುತ್ತೆ ಅಂದ, ನಾವು ಎಲ್ಲಿ ಸುಮ್ನಿರ್ತೀವಿ. (ಅದೇ ಮೀನು ರಾತ್ರಿ ಸುಟ್ಟು ತಟ್ಟೆಗೆ ಹಾಕಿದ್ರು. ಮಾರನೇ ದಿನ ಶನಿವಾರ, ಆವತ್ತೂ ಅದೇ. ಹೆಂಡತಿ ಮರಗೆಣಸಿನ ಹಿಟ್ಟಿನ ರೊಟ್ಟಿಗೆ ಉಪ್ಪಿನಕಾಯಿ ಹಚ್ಕೊಂಡು ಕೂತಿದ್ದಕ್ಕೆ ಅಡುಗೆಯವಳು ನನ್ನ ಕೈರುಚಿ ಸರಿಹೋಗ್ಲಿಲ್ವಾ ಅಂತ ಸಪ್ಪಗಾದ್ಲು. ಶನಿದೇವರನ್ನ ಪೋರ್ಚುಗೀಸಲ್ಲಿ ಹೆಂಗೆ ವಿವರಿಸೋದು ಹೇಳಿ.)

ಒಂದು ಮರದ ಹತ್ರ ದೋಣಿ ನಿಲ್ಲಿಸಿ ಹುಟ್ಟಿಂದ ಕಾಂಡ ತಟ್ಟಿದ. ನಮ್ಮ ತಲೆಗಿಂತ ಒಂದು ಮೊಳ ಮೇಲೆ ತೊಗಟೆ ಬಣ್ಣ ಬದಲಾಗಿತ್ತು, ಸುಣ್ಣ ಹೊಡೆದ ಗೋಡೆಗೆ ಬಣ್ಣದ ಪಟ್ಟಿ ಎಳೆದಂಗೆ ನೇರಕ್ಕೆ ಒಂದು ಗೆರೆ. ಅಕ್ಕಪಕ್ಕದ ಮರ ನೋಡಿದೆ, ಅದೇ ಎತ್ತರದಲ್ಲಿ ಅದೇ ಗೆರೆ, ಕಣ್ಣು ಹಾಯೋವರೆಗೂ ಕಾಡಿಗೆಲ್ಲಾ ಒಬ್ಬನೇ ದಾರ ಹಿಡಿದು ಗುರುತು ಹಾಕಿದಂಗೆ. "ಇದು ದೊಡ್ಡ ನೀರಿನ ವರ್ಷದ್ದು, ಈ ಸಲ ಇಷ್ಟು ಬರಲ್ಲ, ಇನ್ನೊಂದು ವಾರಕ್ಕೆ ಇಳಿಯೋಕೆ ಶುರು" ಅಂದ. ಫೋನ್ ನೋಡಿ ಹೇಳ್ಲಿಲ್ಲ ಅವನು, ನೀರಿಗೆ ಕೈ ಅದ್ದಿ ಹೇಳಿದ.

ಆಮೇಲೆ ಅವರಮ್ಮನ ಮನೆ ತೋರಿಸಿದ. ಕಂಬದ ಮೇಲಿನ ಮರದ ಮನೆ, ಜೂನ್ ಆದ್ದರಿಂದ ನೀರು ಹೊಸ್ತಿಲಿಗೆ ಒಂದು ಗೇಣು ಕೆಳಗಿತ್ತು. ನೀರು ಜಾಸ್ತಿ ಬಂದ ವರ್ಷ ಮನೆ ಬಿಟ್ಟು ಓಡಲ್ಲ ಇವರು, ಒಳಗೇ ಹಲಗೆ ಹೊಂದಿಸಿ ನೆಲನೇ ಎತ್ತರಿಸ್ಕೋತಾರೆ, ಅದಕ್ಕೆ ಮರೋಂಬ ಅಂತ ಹೆಸರು. ನೀರು ಒಂದು ಮೊಳ ಬಂದ್ರೆ ನೆಲ ಒಂದು ಮೊಳ ಮೇಲೆ. ಹಸು ಕೋಳಿಗೂ ಬೇರೆ ಹಲಗೆ ಅಟ್ಟ. ತೀರಾ ಜಾಸ್ತಿ ಆದ ವರ್ಷ ಸೂರಿಗೆ ತಲೆ ತಾಗುತ್ತೆ, ಬಗ್ಗಿಕೊಂಡೇ ಅಡುಗೆ ಮಾಡ್ತಾರಂತೆ. ಅವರಮ್ಮ ನಕ್ಕೊಂಡು ಬಗ್ಗಿ ನಡೆದು ತೋರಿಸಿದ್ರು. ಅಲ್ಲಿಂದ ಸ್ವಲ್ಪ ಮುಂದೆ ತೇಲೋ ಮನೆಗಳು, ದೊಡ್ಡ ದೊಡ್ಡ ದಿಮ್ಮಿ ಮೇಲೆ ಕಟ್ಟಿದ್ದು, ತೇಲೋ ಅಂಗಡಿ, ತೇಲೋ ಪೆಟ್ರೋಲ್ ಬಂಕು ಕೂಡ.

ಇಲ್ಲಿ ನೀರಿಗೆ ಜಾಗ ಬಿಟ್ಟಿದ್ದಾರೆ, ನನಗೆ ಕಂಡಿದ್ದು ಅದು. ಪ್ರತಿ ವರ್ಷ ಬರೋ ನೆಂಟ, ಬಂದೇ ಬರ್ತಾನೆ, ಬಂದಾಗ ನಾವು ಸರ್ಕೊಂಡು ಕೂರಬೇಕು, ಅನ್ನೋ ಥರ. ನಮ್ಮ ಕಡೆ ನೆಂಟ ಹತ್ತು ವರ್ಷಕ್ಕೊಮ್ಮೆ ಬರೋನು, ಬರಲ್ಲ ಬಿಡು ಅಂತ ಅವನ ರೂಮು ಬಾಡಿಗೆಗೆ ಕೊಟ್ಬಿಟ್ಟಿದೀವಿ.

ನಾವು ಹಿಂಗಿರಲಿಲ್ಲ ಅನ್ನೋದೇ ಹೊಟ್ಟೆಕಿಚ್ಚು. ನಂದಿ ಬೆಟ್ಟದ ಸುತ್ತಮುತ್ತ ಹುಟ್ಟೋ ನದಿ ಎಣಿಸಿ ನೋಡಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ. ಒಂದು ಬೆಟ್ಟಸಾಲಿನ ಮಡಿಲಲ್ಲಿ ಇಷ್ಟು ಹೆಣ್ಣುಮಕ್ಕಳು, ಎಲ್ಲಾ ಬೇರೆ ಬೇರೆ ಕಡೆ ಗಂಡನ ಮನೆಗೆ ಹೋದೋರು, ತವರಲ್ಲಿ ಮಾತ್ರ ಒಂದು ಚೊಂಬು ನೀರಿಲ್ಲ. ಪಾಲಾರ್ ಅಂದ್ರೆ ಹಾಲಿನ ಹೊಳೆ ಅಂತ ಅರ್ಥ, ಹೊಳೆ ಹೋಯ್ತು, ಡೈರಿ ಹಾಲು ಮಾತ್ರ ನಿಂತಿಲ್ಲ, ಅದಕ್ಕೆ ನಮ್ಮ ಹೆಂಗಸರಿಗೆ ಕೈಮುಗಿಬೇಕು. ನದಿ ನಂಬೋಕಾಗಲ್ಲ ಅಂತಾನೇ ಹಿರಿಯರು ಕೆರೆ ಕಟ್ಟಿದ್ದು, ಕೋಲಾರ ಜಿಲ್ಲೆ ಒಂದರಲ್ಲೇ ಎರಡು ಸಾವಿರಕ್ಕಿಂತ ಜಾಸ್ತಿ. ಒಂದು ತುಂಬಿ ಕೋಡಿ ಬಿದ್ರೆ ಕೆಳಗಿನದಕ್ಕೆ, ಅದು ತುಂಬಿದ್ರೆ ಅದರ ಕೆಳಗಿನದಕ್ಕೆ, ಮಣಿ ಪೋಣಿಸಿದಂಗೆ. ಬೇತಮಂಗಲ ಕೆರೆ ನೀರು ಕೆಜಿಎಫ್ ಊರಿಗೇ ಹೋಗ್ತಿತ್ತು.

ನಮ್ಮೂರಲ್ಲಿ ನೀರುಗಂಟಿ ತಾತ ಒಬ್ರಿದ್ರು. ನಾನು ಚಿಕ್ಕೋನಿದ್ದಾಗಲೇ ಅವರಿಗೆ ಕೆಲಸ ಇರಲಿಲ್ಲ, ಕೆರೇಲಿ ನೀರಿದ್ರೆ ತಾನೇ, ಆದ್ರೂ ಬೆಳಗ್ಗೆ ಎದ್ದು ಕೋಲು ಹಿಡ್ಕೊಂಡು ಬರಿಗಾಲಲ್ಲಿ ಏರಿ ಮೇಲೆ ಒಂದು ರೌಂಡು ಹೋಗಿ ಬರೋರು. ತೂಬಿನ ಕಂಬ ತೋರಿಸಿ, ನೀರು ಇಲ್ಲಿಗೆ ಬಂದ್ರೆ ಭತ್ತ, ಇಲ್ಲಿಗೆ ನಿಂತ್ರೆ ರಾಗಿ, ಇದಕ್ಕಿಂತ ಕೆಳಗೆ ಹೋದ್ರೆ ತೂಬು ಮುಚ್ಚು, ಉಳಿದಿದ್ದು ದನಕ್ಕೆ, ಅಂತ ಹೇಳ್ತಿದ್ರು. ಯಾರ ಗದ್ದೆಗೆ ಎಷ್ಟೊತ್ತು ನೀರು ಅನ್ನೋದು ಅವರು ಹೇಳಿದ್ದೇ ಫೈನಲ್ಲು, ಊರ ಗೌಡನೂ ಮಾತಾಡಂಗಿಲ್ಲ. ಸುಗ್ಗಿಲಿ ಕಣದಲ್ಲಿ ಅವರಿಗೆ ಆಯ ಅಳೆದು ಕೊಡೋರು. ಆ ದೋಣಿಲಿ ಕೂತಾಗ ಹುಟ್ಟಿಂದ ಮರ ತಟ್ಟಿದ ಹುಡುಗನ ಕೈ ನೋಡಿ ಆ ತಾತನ ಕೋಲು ನೆನಪಾಯ್ತು, ಮೂವತ್ತು ವರ್ಷದಿಂದ ನೆನಪೇ ಆಗಿರಲಿಲ್ಲ ನೋಡಿ.

ಈಗ ನಮ್ಮದೂ ಅಳತೆ ಇದೆ, ಇಲ್ಲ ಅನ್ನೋಕಾಗಲ್ಲ. ಆದ್ರೆ ಕೆಳಕ್ಕೆ. ಇನ್ನೂರಡಿ, ಆರುನೂರಡಿ, ಸಾವಿರ, ಸಾವಿರದ ಐನೂರು. ನಮ್ಮ ಜಿಲ್ಲೆಯವರಿಗೆ ಕೆಳಕ್ಕೆ ಹೋಗೋದು ಅಭ್ಯಾಸ ಆಗಿಹೋಗಿದೆ, ಚಿನ್ನಕ್ಕೆ ಅಂತ ಮೂರು ಕಿಲೋಮೀಟರ್ ಇಳಿದೋರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ನೀರಿಗೆ ಇಳೀತಿದೀವಿ. ಪಾಯಿಂಟ್ ಹಾಕೋನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸ್ಕೊಂಡು ಹೊಲದಲ್ಲಿ ನಡೀತಾನೆ, ಕಾಯಿ ಎದ್ದು ನಿಂತ್ರೆ ಅಲ್ಲೇ ಬೋರು. ರಾತ್ರಿಯೆಲ್ಲ ಗಾಡಿ ಸದ್ದು, ಬರೀ ಬಿಳೀ ಧೂಳು, ಬೆಳಗ್ಗೆ ಹೊತ್ತಿಗೆ ಮನೆಯೋರ ಮುಖಾನೂ ಅದೇ ಬಣ್ಣ. ನಮ್ಮ ಚಿಕ್ಕಪ್ಪ ಹಂಗೆ ನಾಲ್ಕು ಬೋರ್ ಫೇಲ್ ಮಾಡ್ಕೊಂಡು ಟೊಮೆಟೋ ಬಿಟ್ಟು ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ್ರು.

ಮಳೆ ಅವರಿಗೆ ಜಾಸ್ತಿ ನಮಗೆ ಕಮ್ಮಿ ಅಂತೀರಾ, ಗೊತ್ತು. ಮನೌಸ್‌ಗೆ ವರ್ಷಕ್ಕೆ 2,300 ಮಿಲಿಮೀಟರ್ ಹತ್ತತ್ರ, ಕೋಲಾರಕ್ಕೆ 700 ಚಿಲ್ಲರೆ. ಹೋಲಿಸೋದೇ ತಪ್ಪು ಅಂತ ಹೆಂಡತಿನೂ ಅಂದ್ಲು. ಆದ್ರೆ ನಾನು ಮಳೆ ಬಗ್ಗೆ ಹೇಳ್ತಿಲ್ಲ. ಬಂದಾಗ ನಾವೇನು ಮಾಡಿದ್ವಿ ಅನ್ನೋದಕ್ಕೆ ಹೇಳ್ತಿದೀನಿ. 2021ರ ನವೆಂಬರ್ ನೆನಪಿದೆ ತಾನೇ? ಆಗ ನಾನು ಬೆಂಗಳೂರಲ್ಲಿದ್ದೆ, ನಮ್ಮೂರ ಕೆರೆ ಕೋಡಿ ಬಿತ್ತು ಅಂತ ಅಪ್ಪ ಫೋನ್ ಮಾಡಿದಾಗ ನಂಬಲಿಲ್ಲ, ಕಾರ್ ತಗೊಂಡು ಓಡಿದೆ. ಕೋಡಿ ಹತ್ರ ಜಾತ್ರೆ. ಹೆಂಗಸರು ಬಾಗಿನ ಹಿಡ್ಕೊಂಡು ಬಂದಿದ್ರು, ತಮಟೆ, ಹುಡುಗರು ಸೊಳ್ಳೆಪರದೆ ಹರಿದು ಮೀನು ಹಿಡೀತಾ ಇದ್ರು, ಪಾಲಾರಲ್ಲಿ ನೀರು ಓಡ್ತಾ ಇತ್ತು, ಓಡ್ತಾ ಇತ್ತು ಸ್ವಾಮಿ, ನಾನು ಹುಟ್ಟಿದ ಮೇಲೆ ಸರಿಯಾಗಿ ನೋಡಿದ್ದು ಅದೇ. ನಮ್ಮಜ್ಜಿ ದಡದಲ್ಲಿ ಕೂತು ಅಳ್ತಿದ್ರು. ಅದೇ ದಿನ ಸಂಜೆ ಕೆರೆ ಬಾಲದಲ್ಲಿ, ಅಂದ್ರೆ ಹಿನ್ನೀರು ನಿಲ್ಲೋ ಕಡೆ, ಇರೋ ಹೊಸ ಲೇಔಟಿಗೆ ನೀರು ನುಗ್ಗಿ ಜನ ರೋಡಿಗೆ ಬಂದು ಕೂತ್ರು, ಯಾರ್ ಯಾರಿಗೋ ಬೈದ್ರು, ಜೇಸಿಬಿ ತಂದು ಕೋಡಿ ಕಲ್ಲನ್ನೇ ಒಡೆದು ನೀರು ಖಾಲಿ ಮಾಡಿ ಅಂತ ಒತ್ತಾಯ. ಹದಿನೈದು ವರ್ಷ ಕಾದು ಬಂದ ನೀರನ್ನ ಒಂದೇ ರಾತ್ರೀಲಿ ಹೊರಗೆ ಹಾಕೋ ಅವಸರ. ಕಾಲುವೆ ಎಲ್ಲಿತ್ತು ಅಂತ ಕೇಳಿದ್ರೆ ಒಬ್ರಿಗೂ ಗೊತ್ತಿಲ್ಲ. ನೀರುಗಂಟಿ ತಾತ ತೀರ್ಕೊಂಡು ಎಷ್ಟೋ ವರ್ಷ ಆಗಿತ್ತು, ಅವರ ಮಗ ಓಲಾ ಓಡಿಸ್ತಾನೆ.

ಆ ಬೋಟಿನ ಹುಡುಗ ಬೇರೆ ಕೆಲಸಕ್ಕೆ ಹೋಗಿಲ್ಲ, ಅವನ ನೀರಿನ ಬುದ್ಧಿಗೇ ಬೆಲೆ ಇದೆ, ದೂರದಿಂದ ಬಂದು ನಾವೇ ದುಡ್ಡು ಕೊಟ್ಟು ಕೇಳಿಸ್ಕೋತೀವಿ. ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಬೈಕಲ್ಲಿ ಸಾಲುಗಟ್ಟಿ ಹೋಗ್ತಾರಲ್ಲ ಬೆಂಗಳೂರಿಂದ, ಅವರಲ್ಲಿ ಒಬ್ಬರಿಗಾದ್ರೂ ಇಲ್ಲಿ ಎಷ್ಟು ಹೊಳೆ ಹುಟ್ಟುತ್ತೆ ಅಂತ ಯಾರಾದ್ರೂ ತೋರಿಸಿದ್ದಾರಾ? ಮೋಡದ ಜೊತೆ ಸೆಲ್ಫಿ, ಕೆಳಗಿಳಿದು ತಟ್ಟೆ ಇಡ್ಲಿ, ಮುಗೀತು.

ಸರಿ, ಇಷ್ಟು ಉರಿದಾಡಿದ ಮೇಲೆ ಬಾಕಿದೂ ಹೇಳ್ಬೇಕು, ಇಲ್ಲಾಂದ್ರೆ ನನ್ನ ಹೆಂಡತಿನೇ ಬಂದು ಇದರ ಕೆಳಗೆ ಬರೀತಾಳೆ.

ಕೊನೇ ರಾತ್ರಿ ಮೊಸಳೆ ತೋರಿಸ್ತೀವಿ ಅಂತ ಟಾರ್ಚ್ ಹಿಡ್ಕೊಂಡು ಕರ್ಕೊಂಡೋದ್ರು, ಬೆಳಕು ಬಿದ್ದ ಕಡೆಯೆಲ್ಲ ಕೆಂಡದ ಥರ ಕಣ್ಣು. ವಾಪಸ್ ಬರ್ತಾ ಆ ಹುಡುಗ ಯಾಕೋ ಮಂಕಾಗಿದ್ದ. ಈಗ ಇಲ್ಲಿ ಮರದ ತಲೆ ಮೇಲೆ ಹೋಗ್ತಿದೀವಲ್ಲ, 2023ರ ಅಕ್ಟೋಬರ್‌ನಲ್ಲಿ ಇದೇ ಜಾಗದಲ್ಲಿ ನಡ್ಕೊಂಡು ಹೋದೆ ಅಂದ. ಆ ವರ್ಷ ಮನೌಸ್ ಗುರುತು 12.70 ಮೀಟರ್‌ಗೆ ಇಳಿದಿತ್ತು, ನೂರು ವರ್ಷದ ಮೇಲಿನ ಲೆಕ್ಕದಲ್ಲಿ ಅಷ್ಟು ಕಮ್ಮಿ ಇರಲೇ ಇಲ್ಲ. ಮುಂದಿನ ವರ್ಷ, 2024ರಲ್ಲಿ, ಅದಕ್ಕಿಂತಾನೂ ಕೆಳಗೆ ಹೋಯ್ತು. ತೇಲೋ ಮನೆಗಳು ಕೆಸರಲ್ಲಿ ಓರೆಯಾಗಿ ಕೂತ್ವು. 2023ರಲ್ಲೇ ದೂರದ ತೆಫೆ ಅನ್ನೋ ಸರೋವರದಲ್ಲಿ ನೀರು ಬಚ್ಚಲ ನೀರಿನಷ್ಟು ಬಿಸಿಯಾಗಿ, 39 ಡಿಗ್ರಿ ದಾಟಿ, ನೂರಕ್ಕೂ ಜಾಸ್ತಿ ಡಾಲ್ಫಿನ್ ಸತ್ತು ತೇಲಿದ್ವು. ಅವರಮ್ಮ ಕುಡಿಯೋ ನೀರಿಗೆ ಬಿಂದಿಗೆ ಹೊತ್ಕೊಂಡು ಮರಳು ಮೇಲೆ ಅಷ್ಟು ದೂರ ನಡೆದ್ರಂತೆ, ಜಗತ್ತಿನ ನದಿಗಳೆಲ್ಲ ಸಮುದ್ರಕ್ಕೆ ಸುರಿಯೋ ನೀರಲ್ಲಿ ಐದನೇ ಒಂದು ಪಾಲು ಸುರಿಯೋ ಅಮೆಜಾನ್‌ಗೆ ಸೇರೋ ನದಿ ಪಕ್ಕದಲ್ಲಿ. ನಿಮ್ಮ ಫೋಟೋ ನೋಡಿ ರಸ್ತೆನಾ ಅಂದಿದ್ದಕ್ಕೆ ಬೇಜಾರಾಯ್ತಾ, ನಮ್ಮದೂ ಎರಡು ವರ್ಷ ಹಂಗೇ ಇತ್ತು, ಅದಕ್ಕೇ ಕೇಳಿದ್ದು, ಅಂದ. ನಾನು ಅವನು ಆಡ್ಕೊಂಡ ಅನ್ಕೊಂಡು ಮೂರು ದಿನ ಒಳಗೊಳಗೇ ಕುದ್ದಿದ್ದೆ.

ಮನೌಸ್ ಪೇಟೆಯೊಳಗಿನ ತೊರೆಗಳ ಕಥೆನೂ ಹೇಳ್ಬೇಕಲ್ಲ. ಬೋಟ್ ಹೋಗೋ ಕಡೆ ನೀರು ಡಿಕಾಕ್ಷನ್, ಊರೊಳಗೆ ಬೆಳ್ಳಂದೂರು. ಬಡವರ ಮನೆ ಕಂಬದ ಕೆಳಗೆ ಪ್ಲಾಸ್ಟಿಕ್ ಬಾಟ್ಲಿ, ಹಳೇ ಫ್ರಿಜ್ಜು, ಸತ್ತ ನಾಯಿ. ಅದನ್ನ ಕ್ರೂಸ್‌ನವರು ತೋರಿಸಲ್ಲ, ನಾವು ಟ್ಯಾಕ್ಸಿ ದಾರಿ ತಪ್ಪಿದ್ದಕ್ಕೆ ನೋಡಿದ್ದು. ನಮ್ಮ ಕಡೆ ಏನೂ ಆಗಿಲ್ಲ ಅಂದ್ರೂ ತಪ್ಪಾಗುತ್ತೆ. 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧ ಮಾಡಿ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಿಂದ ನಮ್ಮ ಕೆರೆಗೆ ಬಿಡ್ತಿದ್ದಾರೆ, ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದಾಗ ನೊರೆ ನೊರೆ ಅಂತ ಗಲಾಟೆ, ಕೋರ್ಟು, ಮೂರನೇ ಹಂತ ಶುದ್ಧ ಮಾಡಿ ಅಂತ ಇವತ್ತಿಗೂ ಜನ ಕೇಳ್ತಾನೇ ಇದ್ದಾರೆ, ಕೇಳಬೇಕಾದ್ದೇ. ಆದ್ರೆ ಒಣಗಿದ್ದ ಬೋರುಗಳಲ್ಲಿ ನೀರು ಮೇಲೆ ಬಂತು ಅಂತ ನರಸಾಪುರ ಕಡೆ ನಮ್ಮ ನೆಂಟರು ಹೇಳಿದಾಗ ನಾನೂ ಖುಷಿ ಪಟ್ಟೆ. ಯಾರದೋ ಸ್ನಾನದ ನೀರು ಅಂತ ಮೂಗು ಮುರಿಯೋದು ಸಾವೊ ಪಾಲೊದ ಹನ್ನೆರಡನೇ ಮಹಡಿಲಿ ಕೂತೋನಿಗೆ ಸುಲಭ. ಕೋಲಾರ ಬೆಟ್ಟದ ಅಂತರಗಂಗೆಲಿ ಬಸವನ ಬಾಯಿಂದ ಬೀಳೋ ನೀರಿಗೆ ಬೊಗಸೆ ಒಡ್ಡಿ ಕುಡಿದು ಎಷ್ಟು ವರ್ಷ ಆಯ್ತೋ, ಅದನ್ನ ಬರೀತಿದ್ರೇ ಬಾಯಾರ್ತಾ ಇದೆ.

ಇನ್ನೊಂದು ಹೇಳೋದೋ ಬೇಡ್ವೋ ಅಂತ ಇಷ್ಟೊತ್ತು ಯೋಚ್ನೆ ಮಾಡ್ದೆ. ಆ 2021ರಲ್ಲಿ ಮುಳುಗಿದ ಲೇಔಟ್ ಅಂದ್ನಲ್ಲ, ಅದರಲ್ಲಿ ನಮ್ಮದೂ ಒಂದು ಥರ್ಟಿ ಫಾರ್ಟಿ ಸೈಟಿದೆ. ನಾನಿಲ್ಲಿಂದ ಕಳಿಸಿದ ದುಡ್ಡಲ್ಲೇ ಅಪ್ಪ ತಗೊಂಡಿದ್ದು, ನೀರು ಬಂದ ಆಮೇಲೇ ತಗೊಂಡಿದ್ದು, ರೇಟ್ ಬಿದ್ದಿತ್ತಲ್ಲ, ಅದಕ್ಕೆ. ಕೆರೆ ಬಾಲಕ್ಕೆ ಸೇರಿದ ಜಾಗ ಅಂತ ನನಗೂ ಗೊತ್ತಿತ್ತು. ಪೇಪರ್ ಎಲ್ಲಾ ಕ್ಲಿಯರ್ ಇದೆ ಕಣೋ ಅಂದ್ರು, ಸರಿ ಅಂದೆ.

ಬೋಟಿಳಿದು ಏರ್‌ಪೋರ್ಟಲ್ಲಿ ಕೂತಿದ್ದಾಗ ಅಪ್ಪನೇ ಫೋನ್ ಮಾಡಿದ್ರು. ಮಗಳು ಕಿತ್ಕೊಂಡು, ತಾತಾ ನಾವು ಮರದ ಮೇಲೆ ಬೋಟಲ್ಲಿ ಹೋದ್ವಿ ಅಂದ್ಲು. ಏನಂತೆ, ಮರ ಹತ್ತಿದ್ಲಾ, ಹುಷಾರಮ್ಮಾ, ಅಂದ್ರು. ಆಮೇಲೆ ನನ್ನ ಹತ್ರ ವಿಷಯಕ್ಕೆ ಬಂದ್ರು. ಸೈಟಲ್ಲಿ ಮನೆ ಶುರು ಮಾಡೋಣ, ಮೊದಲು ಬೋರ್ ಆಗ್ಬೇಕು, ಪಾಯಿಂಟ್ ಹಾಕಿಸ್ದೆ, ಈಶಾನ್ಯಕ್ಕೇ ಕಾಯಿ ಎದ್ದು ನಿಂತ್ಕೊಳ್ತು, ಸಾವಿರದ ನಾನೂರು ಅಡಿ ಹೋಗ್ಬೇಕು ಅಂತಾನೆ, ಏನ್ ಮಾಡೋಣ?

ಮೊಬೈಲಲ್ಲಿ ಆ ಮರದ ಗೆರೆ ಫೋಟೋ ಇತ್ತು, ಅಪ್ಪಂಗೆ ಕಳಿಸೋಣ, ಎಲ್ಲಾ ಬಿಡಿಸಿ ಹೇಳೋಣ ಅನ್ಕೊಂಡೆ. ಬೋರ್ಡಿಂಗ್ ಕೂಗಿದ್ರು. ಹಾಕ್ಸಿ ಅಪ್ಪ ಅಂದೆ.

ಸೋಮವಾರ ದುಡ್ಡು ಕಳಿಸಿದೆ. ಗುರುವಾರ ಬೆಳಗ್ಗೆ ಅಮ್ಮನ ಮೆಸೇಜು, ಒಂದೂವರೆ ಇಂಚು ನೀರು ಬಿದ್ದಿದೆ, ಗಂಗಮ್ಮ ಕೈಬಿಡಲಿಲ್ಲ, ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದ್ವಿ ಅಂತ. ಜೊತೆಗೆ ವೀಡಿಯೋ. ಕೇಸಿಂಗ್ ಪೈಪಿಂದ ಬಿಳೀ ಕೆಸರು ನೀರು ಮೇಲಕ್ಕೆ ಚಿಮ್ತಾ ಇದೆ, ಅಪ್ಪ ಪಂಚೆ ಎತ್ತಿ ಕಟ್ಕೊಂಡು ಮಗೂ ಥರ ಅದರಡಿ ನಿಂತಿದ್ದಾರೆ. ಹೆಂಡತಿ ಅದನ್ನ ನಾಲ್ಕು ಸಲ ಹಾಕ್ಕೊಂಡು ನೋಡಿದ್ಲು.